ಆಹಾರ ಯೋಜನೆಗೆ ಅರಣ್ಯ ಕಾನೂನು ಅಡ್ಡವೇ? ತಾಳವಾಡಿ ಹಳ್ಳಿಗಳು ಮೊದಲೇ ಕೇಳಬೇಕಾದ ಪ್ರಶ್ನೆಗಳು

ತಾಳವಾಡಿ: ಹೊಲಕ್ಕೊಂದು ಕೃಷಿಹೊಂಡ, ಹಳ್ಳಕ್ಕೊಂದು ಚೆಕ್ ಡ್ಯಾಂ, ಊರಿಗೊಂದು ರೇಷನ್ ಅಂಗಡಿ, ಬೆಳೆ ಕಾಯಲು ಸೋಲಾರ್ ಬೇಲಿ... ಎಲ್ಲವೂ ಹೊಟ್ಟೆಪಾಡಿಗೆ ಸಂಬಂಧಪಟ್ಟ ಕೆಲಸಗಳೇ. ಸರಕಾರದ ಕಾಗದದಲ್ಲಿ ಇವಕ್ಕೆ 'ಆಹಾರ ಭದ್ರತೆ' ಎಂಬ ದೊಡ್ಡ ಹೆಸರು. ಆದರೆ ತಾಳವಾಡಿ ಬೆಟ್ಟದಲ್ಲಿ ಇಂಥ ಕೆಲಸಕ್ಕೆ ಗುದ್ದಲಿ ಹಾಕಲು ಹೊರಟರೆ ಒಂದಲ್ಲ ಒಂದು ಕಡೆ ಅರಣ್ಯದ ಅಥವಾ ಪರಿಸರದ ಕಾನೂನು ಎದುರಾಗುತ್ತದೆ.

'ಫಾರೆಸ್ಟಿನವರು ಬಿಡೋದಿಲ್ಲ' ಎಂಬ ಮಾತು ನಮ್ಮ ಕಡೆ ಹೊಸದೇನಲ್ಲ. ಕೆಲವು ಕಡೆ ಅದು ನಿಜ. ಆದರೆ ಕಾನೂನಿನಲ್ಲಿ ದಾರಿ ಇದ್ದೂ, ಕೇಳಬೇಕಾದ ಹೊತ್ತಿನಲ್ಲಿ ಕೇಳದೆ, ಹಣ ಬಂದ ಮೇಲೆ ಓಡಾಡುವುದರಿಂದ ಕೆಟ್ಟುಹೋಗುವ ಕೆಲಸಗಳೂ ಇವೆ. ಯೋಜನೆ ಇನ್ನೂ ಕಾಗದದ ಮೇಲಿರುವಾಗಲೇ ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ನಾಲ್ಕು: ನೆಲ ಯಾವುದು? ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ? ಪ್ರಾಣಿಗಳ ದಾರಿ ಎಲ್ಲಿದೆ? ಔಷಧಿ, ಕಸ ಎಲ್ಲಿ ಸೇರುತ್ತದೆ?

ನಾವಿರುವ ಜಾಗ ಎಂಥದ್ದು?

ಈರೋಡ್ ಜಿಲ್ಲೆಯ ಈ ಮೂಲೆಗೆ ಕೆಳಗಿನಿಂದ ಬರಬೇಕಾದರೆ ಬಣ್ಣಾರಿಯಿಂದ ದಿಂಬಂ ಘಾಟಿಯ 27 ತಿರುವು ಹತ್ತಬೇಕು. ಮೇಲೆ ಬಂದರೆ ಸುತ್ತಲೂ ಕಾಡು, ನಡುವೆ ಹೊಲ. ಆಚೆ ಚಾಮರಾಜನಗರ ಜಿಲ್ಲೆ. ಸತ್ಯಮಂಗಲದ ಕಾಡು 2008ರಲ್ಲಿ ವನ್ಯಜೀವಿ ಅಭಯಾರಣ್ಯವಾಯಿತು. 2013ರ ಮಾರ್ಚ್‌ನಲ್ಲಿ ಹುಲಿ ಮೀಸಲು ಎಂದು ಘೋಷಣೆಯಾಯಿತು. ವಿಸ್ತೀರ್ಣ 1,400 ಚದರ ಕಿಲೋಮೀಟರಿಗೂ ಹೆಚ್ಚು. ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ ಬಂಡೀಪುರ ಮತ್ತು ಮುದುಮಲೆ. ಆನೆ, ಹುಲಿಗಳಿಗೆ ಇದೆಲ್ಲ ಒಂದೇ ಕಾಡು. ರಾಜ್ಯದ ಗಡಿ ಇರುವುದು ನಮಗೆ ಮಾತ್ರ.

2010ರಿಂದ ಹುಲಿಗಳ ಸಂಖ್ಯೆ ಎರಡರಷ್ಟಾಯಿತೆಂದು 2022ರಲ್ಲಿ ಸತ್ಯಮಂಗಲ ಹುಲಿ ಮೀಸಲಿಗೆ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ಅದೇ ವರ್ಷ ಫೆಬ್ರವರಿ 10ರಿಂದ ಮದ್ರಾಸ್ ಹೈಕೋರ್ಟಿನ ಆದೇಶದ ಮೇಲೆ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ತರಕಾರಿ ಬೆಳೆಯುವ ರೈತರು ಬೀದಿಗಿಳಿದು ಪ್ರತಿಭಟಿಸಿದರು. ಮಾರ್ಚ್‌ನಲ್ಲಿ ಅದೇ ಹೈಕೋರ್ಟ್ ರಾಜ್ಯದ ಕಾಡುಗಳಲ್ಲಿ ದನ ಮೇಯಿಸಬಾರದೆಂದು ಹೇಳಿ, ಆಮೇಲೆ ಆ ನಿಷೇಧವನ್ನು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹುಲಿ ಮೀಸಲುಗಳಿಗೆ ಸೀಮಿತ ಮಾಡಿತು. ಕಾಡಿನ ಒಂದು ತೀರ್ಮಾನ ನಮ್ಮ ಹಾಲು, ಗೊಬ್ಬರ, ತರಕಾರಿ ಗಾಡಿಯ ತನಕ ಬರುತ್ತದೆ ಎನ್ನಲು ಇಷ್ಟು ಸಾಕು.

ತೆಂಗುಮರಹಾಡ ಹೇಳುವ ಪಾಠ

ತಲಮಲೆ ಬೆಟ್ಟದ ಕೆಳಗೆ ಮೋಯಾರ್ ಕಣಿವೆಯಲ್ಲಿ ತೆಂಗುಮರಹಾಡ ಎಂಬ ಊರಿದೆ. ಲೆಕ್ಕದಲ್ಲಿ ನೀಲಗಿರಿ ಜಿಲ್ಲೆ, ಓಡಾಟವೆಲ್ಲ ಭವಾನಿಸಾಗರ, ಸತ್ಯಮಂಗಲದ ಕಡೆಯಿಂದ. ಈ ಊರು ಹುಟ್ಟಿದ್ದೇ ಒಂದು ಆಹಾರ ಯೋಜನೆಯಿಂದ. ಸ್ವಾತಂತ್ರ್ಯದ ಹೊಸತರಲ್ಲಿ ದೇಶದಲ್ಲಿ ಅಕ್ಕಿಗೆ ಅಭಾವ. 'ಹೆಚ್ಚು ಆಹಾರ ಬೆಳೆಯಿರಿ' ಎಂದು ಸರಕಾರವೇ ಕರೆ ಕೊಟ್ಟಿತ್ತು. 1948ರಲ್ಲಿ ಸಹಕಾರಿ ಬೇಸಾಯ ಸಂಘವೊಂದಕ್ಕೆ ಇಲ್ಲಿ ಕಾಡಿನ ನೆಲವನ್ನು ಗುತ್ತಿಗೆಗೆ ಕೊಡಲಾಯಿತು. ಜನ ಬಂದರು, ಕಾಡು ಕಡಿದರು, ಗದ್ದೆ ಮಾಡಿದರು, ಮಕ್ಕಳು ಮೊಮ್ಮಕ್ಕಳು ಅಲ್ಲೇ ಬೆಳೆದರು.

ಮುಂದೆ ಸುತ್ತಲಿನ ಕಾಡು ಹುಲಿ ಮೀಸಲಾಯಿತು. ಊರನ್ನು ಬೇರೆಡೆಗೆ ಸಾಗಿಸುವ ವಿಷಯ ಹೈಕೋರ್ಟ್ ಮುಂದೆ ಬಂತು. 497 ಕುಟುಂಬಗಳಿಗೆ ತಲಾ 15 ಲಕ್ಷ ರೂಪಾಯಿಯಂತೆ 74.55 ಕೋಟಿ ಪರಿಹಾರದ ಲೆಕ್ಕ ಹಾಕಲಾಯಿತು.

ಇಲ್ಲಿ ಜನರದ್ದೇನೂ ತಪ್ಪಿರಲಿಲ್ಲ. ಸರಕಾರ ಕರೆಯಿತು, ಅವರು ಬಂದು ಅನ್ನ ಬೆಳೆದರು. ಆದರೆ ಕಾಲ ಕೆಳಗಿನ ನೆಲ ಯಾವ ವರ್ಗದ್ದು, ಗುತ್ತಿಗೆ ಮುಗಿದ ಮೇಲೆ ಗತಿ ಏನು ಎಂಬ ಪ್ರಶ್ನೆ ಎಲ್ಲರಿಗಿಂತ ಹೆಚ್ಚು ಬದುಕಿ ಉಳಿಯಿತು. ಹೊಟ್ಟೆ ತುಂಬಿಸಲೆಂದು ಶುರುವಾದ ಯೋಜನೆ ಏಳು ದಶಕ ಕಳೆದ ಮೇಲೆ ಮನೆ ಬಿಡುವ ಮಾತಿಗೆ ಬಂದು ನಿಂತಿತು.

ಮೊದಲ ಪ್ರಶ್ನೆ: ನೆಲ ಯಾವುದು?

ಕರ್ನಾಟಕದ ಕಡೆ ಜಮೀನಿರುವವರಿಗೆ ಪಹಣಿ ಗೊತ್ತು. ಇತ್ತ ಚಿಟ್ಟಾ, ಅಡಂಗಲ್, ಪಟ್ಟಾ. ಹೆಸರು ಬೇರೆಯಾದರೂ ನೋಡಬೇಕಾದ್ದು ಒಂದೇ: ಆ ಸರ್ವೆ ನಂಬರು ಪಟ್ಟಾ ಜಮೀನೋ, ಪುರಂಬೋಕ್ಕೋ, ಮೀಸಲು ಅರಣ್ಯವೋ? ಹಳ್ಳದ ಒಂದು ದಡ ಪಟ್ಟಾ, ಇನ್ನೊಂದು ದಡ ಮೀಸಲು ಅರಣ್ಯ ಆಗಿರಬಹುದು. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ವಿಏಒ ಕಚೇರಿಯ ನಕ್ಷೆಯನ್ನೂ ಅರಣ್ಯ ಇಲಾಖೆಯ ಗಡಿಕಲ್ಲನ್ನೂ ಜೊತೆಗಿಟ್ಟು ನೋಡಿದರೆ ಮಾತ್ರ ತಿಳಿಯುತ್ತದೆ.

ಪಟ್ಟಾ ಜಮೀನಾದರೆ ಕೃಷಿಹೊಂಡಕ್ಕೆ, ಬದುವಿಗೆ ದೊಡ್ಡ ತೊಡಕಿಲ್ಲ. ಕೇಂದ್ರ ಸರಕಾರದ 2006ರ ಪರಿಸರ ಪರಿಣಾಮ ಅಧಿಸೂಚನೆ ದೊಡ್ಡ ಅಣೆಕಟ್ಟು, ಕಾರ್ಖಾನೆ, ಭಾರಿ ಕಟ್ಟಡಗಳಿಗೆ ಸಂಬಂಧಪಟ್ಟದ್ದು. ಹೊಲದ ಹೊಂಡವಾಗಲಿ ಪಂಚಾಯತಿಯ ಸಣ್ಣ ಕಟ್ಟಡವಾಗಲಿ ಅದರ ಪಟ್ಟಿಯಲ್ಲಿಲ್ಲ.

ಅರಣ್ಯ ಭೂಮಿಯಾದರೆ ಲೆಕ್ಕ ಬದಲು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡಿನ ನೆಲವನ್ನು ಬೇರೆ ಕೆಲಸಕ್ಕೆ ಬಳಸಲು ಕೇಂದ್ರದ ಮುಂಗಡ ಒಪ್ಪಿಗೆ ಬೇಕು. 2023ರ ತಿದ್ದುಪಡಿಯಲ್ಲಿ ಕಾಯ್ದೆಯ ಹೆಸರು ಬದಲಾಗಿದೆ. ಆದರೆ ಒಪ್ಪಿಗೆಯ ಷರತ್ತು ಹಾಗೇ ಇದೆ. ಇಲ್ಲಿ ಹಲವರಿಗೆ ಒಂದು ಗೊಂದಲ: 'ಫಾರೆಸ್ಟಿನವರು ತಾವೇ ಕಾಡಿನೊಳಗೆ ಚೆಕ್ ಡ್ಯಾಂ ಕಟ್ಟುತ್ತಾರೆ, ಪಂಚಾಯತಿ ಕಟ್ಟಿದರೆ ಯಾಕೆ ತಡೆ?' ಕಾರಣ ಇಷ್ಟೆ. ಕಾಡು ಮತ್ತು ವನ್ಯಜೀವಿಗಳ ರಕ್ಷಣೆಗೆಂದು ಮಾಡುವ ನೀರಿನ ಗುಂಡಿ, ತಡೆಗಟ್ಟೆ, ಕಂದಕಗಳನ್ನು ಕಾಯ್ದೆ 'ಅರಣ್ಯೇತರ ಬಳಕೆ' ಎಂದು ಎಣಿಸುವುದಿಲ್ಲ. ಅದೇ ಕಟ್ಟೆಯನ್ನು ಹೊಲಕ್ಕೆ ನೀರು ಹಾಯಿಸಲು ಕಟ್ಟಿದರೆ ಎಣಿಸುತ್ತದೆ. ಕಲ್ಲು ಸಿಮೆಂಟು ಒಂದೇ, ಉದ್ದೇಶ ಬೇರೆ.

ಅರಣ್ಯ ಹಕ್ಕು ಕಾಯ್ದೆಯ ದಾರಿ

ಕಾಡಂಚಿನ ಮತ್ತು ಕಾಡೊಳಗಿನ ಊರುಗಳಿಗೆ ಇನ್ನೊಂದು ಬಾಗಿಲಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2) ವಿಧಿ 13 ಬಗೆಯ ಸೌಲಭ್ಯಗಳಿಗೆ ಅರಣ್ಯ ಭೂಮಿ ಕೊಡಲು ಅವಕಾಶ ಮಾಡಿದೆ. ಆಹಾರಕ್ಕೆ ಸಂಬಂಧಪಟ್ಟವನ್ನು ನೋಡಿ: ನ್ಯಾಯಬೆಲೆ ಅಂಗಡಿ, ಅಂಗನವಾಡಿ, ಕೆರೆ ಮತ್ತು ಸಣ್ಣ ಜಲಮೂಲ, ಕುಡಿಯುವ ನೀರಿನ ಪೈಪು, ಮಳೆನೀರು ಸಂಗ್ರಹ, ಸಣ್ಣ ನೀರಾವರಿ ಕಾಲುವೆ, ರಸ್ತೆ. ಷರತ್ತುಗಳೂ ಇವೆ:

* ಸೌಲಭ್ಯ ಸರಕಾರದ ನಿರ್ವಹಣೆಯದಾಗಿರಬೇಕು.
* ಪ್ರತಿಯೊಂದಕ್ಕೂ ಬೇಕಾಗುವ ಅರಣ್ಯ ಭೂಮಿ 1 ಹೆಕ್ಟೇರಿಗಿಂತ ಕಡಿಮೆ ಇರಬೇಕು.
* ಕಡಿಯುವ ಮರಗಳು ಹೆಕ್ಟೇರಿಗೆ 75 ಮೀರಬಾರದು.
* ಗ್ರಾಮಸಭೆಯ ಶಿಫಾರಸು ಇರಲೇಬೇಕು.

ಕೆಲಸ ಮಾಡುವ ಇಲಾಖೆ ಗ್ರಾಮಸಭೆಯ ಠರಾವಿನೊಂದಿಗೆ ರೇಂಜ್ ಆಫೀಸರಿಗೆ ಅರ್ಜಿ ಕೊಡಬೇಕು. ಅವರು ಸ್ಥಳ ನೋಡಿ ವರದಿ ಕೊಡುತ್ತಾರೆ. ತೀರ್ಮಾನ ಡಿಎಫ್‌ಒ ಮಟ್ಟದಲ್ಲಿ. ಅವರು ಒಪ್ಪದಿದ್ದರೆ ವಿಷಯ ಜಿಲ್ಲಾ ಮಟ್ಟದ ಸಮಿತಿಗೆ ಹೋಗುತ್ತದೆ. ಎಂದರೆ, ಈ ಪಟ್ಟಿಯ ಕೆಲಸಗಳಿಗೆ ದೆಹಲಿಯ ತನಕ ಹೋಗಬೇಕಿಲ್ಲ. ಆದರೆ ಪಟ್ಟಿಯಲ್ಲಿ ಗೋದಾಮು ಇಲ್ಲ, ಸೋಲಾರ್ ಬೇಲಿ ಇಲ್ಲ. 'ಅದೂ ಊರಿಗೇ ತಾನೆ' ಎಂದು ಸೇರಿಸಿ ಬರೆದರೆ ಅರ್ಜಿ ವಾಪಸು ಬರುತ್ತದೆ.

ಈ ಕಾಯ್ದೆಯ ಗ್ರಾಮಸಭೆಗೆ 2012ರ ನಿಯಮದಂತೆ ಕೋರಂ ಕೂಡ ಬಿಗಿ. ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಜನ ಸೇರಬೇಕು, ಬಂದವರಲ್ಲಿ ಮೂರನೇ ಒಂದು ಭಾಗವಾದರೂ ಹೆಂಗಸರಿರಬೇಕು. ಹತ್ತು ಜನರ ಸಹಿ ಹಾಕಿಸಿದ ಠರಾವು ನಿಲ್ಲುವುದಿಲ್ಲ.

ತಮಿಳುನಾಡಿನಲ್ಲಿ ಈ ಕಾಯ್ದೆ ತಡವಾಗಿ ನಡೆಯಲು ಒಂದು ಕಾರಣವಿತ್ತು. ಹೈಕೋರ್ಟಿನ 2008ರ ಮಧ್ಯಂತರ ಆದೇಶದಿಂದ ಹಕ್ಕುಪತ್ರ ವಿತರಣೆ ನಿಂತಿತ್ತು. ಸುಪ್ರೀಂ ಕೋರ್ಟ್ 2016ರಲ್ಲಿ ಅದನ್ನು ತೆರವು ಮಾಡಿತು. ಅಷ್ಟರಲ್ಲಿ ಬೆಟ್ಟದ ಆಚೆ, ಬಿಳಿಗಿರಿರಂಗನ ಹುಲಿ ಮೀಸಲಿನಲ್ಲಿ 2011ರ ಅಕ್ಟೋಬರ್‌ನಲ್ಲೇ 25 ಸೋಲಿಗ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತ್ತು. ಹುಲಿ ಮೀಸಲು ಎಂದ ಮಾತ್ರಕ್ಕೆ ಹಕ್ಕು ಸತ್ತುಹೋಗುವುದಿಲ್ಲ ಎಂಬುದಕ್ಕೆ ನೆರೆಯ ಈ ಊರುಗಳೇ ಸಾಕ್ಷಿ.

ಎರಡನೇ ಪ್ರಶ್ನೆ: ನೀರು, ಮಣ್ಣು

2005ರ ಉದ್ಯೋಗ ಖಾತ್ರಿ ಕಾಯ್ದೆಯಡಿ ಹಳ್ಳಿಗಳಲ್ಲಿ ನಡೆದ ಕೆಲಸಗಳಲ್ಲಿ ನೀರು ಮತ್ತು ಮಣ್ಣಿನ ಕೆಲಸಕ್ಕೆ ದೊಡ್ಡ ಪಾಲಿತ್ತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅದರ ಜಾಗಕ್ಕೆ 125 ದಿನ ಕೆಲಸದ ಹೊಸ ಕಾಯ್ದೆ ಅಂಗೀಕರಿಸಿತು. ಯೋಜನೆಯ ಹೆಸರು ಏನೇ ಆಗಲಿ, ನೀರಿನ ಸ್ವಭಾವ ಬದಲಾಗುವುದಿಲ್ಲ.

ಮೇಲಿನ ಹೊಲದಲ್ಲಿ ಹಳ್ಳಕ್ಕೆ ಅಡ್ಡ ಕಟ್ಟಿದರೆ ಕೆಳಗಿನ ಊರಿನ ಕಟ್ಟೆಗೆ ನೀರು ಕಡಿಮೆ. ಕೆಳಗಿನವರನ್ನು ಕೇಳಿದ್ದೀರಾ ಎಂಬುದು ಮೊದಲ ತಪಾಸಣೆ. ಹೊಂಡಕ್ಕೆ ಹೂಳು ಬೀಳದಂತೆ ಮುಂದೊಂದು ಸಣ್ಣ ಗುಂಡಿ, ಹೆಚ್ಚಾದ ನೀರು ಹೋಗಲು ಕಲ್ಲು ಹಾಸಿದ ಕೋಡಿ, ದಡ ಕುಸಿಯದಂತೆ ಇಳಿಜಾರು, ಮಕ್ಕಳು ದನಕರು ಬೀಳದಂತೆ ಬೇಲಿ. ಇವೆಲ್ಲ ಎಸ್ಟಿಮೇಟಿನಲ್ಲೇ ಇರಬೇಕು. ಕೆಲಸ ಮುಗಿದ ಮೇಲೆ ಇವಕ್ಕೆ ಹಣ ಸಿಗುವುದಿಲ್ಲ.

ಕೆರೆಯ ಹೂಳನ್ನು ಹೊಲಕ್ಕೆ ಹೊಡೆಯುವುದಾದರೆ ತಮಿಳುನಾಡಿನಲ್ಲಿ 'ವಂಡಲ್ ಮಣ್ಣು' ನಿಯಮ ಇದೆ. ಬೇಸಾಯಕ್ಕೆ ಉಚಿತ. 2024ರಿಂದ ತಾಶೀಲ್ದಾರರ ಮಟ್ಟದಲ್ಲೇ ಅನುಮತಿ. ಆದರೆ ಅನುಮತಿಯಿಲ್ಲದೆ ಟ್ರ್ಯಾಕ್ಟರ್ ಇಳಿಸಿದರೆ ಅದೇ ಮಣ್ಣು ಗಣಿ ಕಾನೂನಿನ ಕೇಸಾಗುತ್ತದೆ. ಅರಣ್ಯದೊಳಗಿನ ಕೆರೆಗೆ ತಾಶೀಲ್ದಾರರ ಅನುಮತಿ ಸಾಲದು.

ಮೂರನೇ ಪ್ರಶ್ನೆ: ಪ್ರಾಣಿಗಳ ದಾರಿ

ತಾಳವಾಡಿ, ಜೀರಹಳ್ಳಿ ಕಡೆಯವರಿಗೆ 'ಕರುಪ್ಪನ್' ಆನೆಯ ನೆನಪು ಮಾಸಿಲ್ಲ. ಹೊಲಗಳಿಗೆ ನುಗ್ಗುತ್ತಿದ್ದ ಅದನ್ನು ಹಲವು ಸಲ ಪ್ರಯತ್ನಿಸಿ, ಕೊನೆಗೆ 2023ರ ಏಪ್ರಿಲ್‌ನಲ್ಲಿ ಅರಿವಳಿಕೆ ಕೊಟ್ಟು ಹಿಡಿದು ಸಾಗಿಸಿದರು. ಒಂದು ಆನೆ ಹೋದರೆ ಇನ್ನೊಂದು ಬರುತ್ತದೆ. ಕಾಡಂಚಿನಲ್ಲಿ ವರ್ಷವಿಡೀ ನೀರು ನಿಲ್ಲುವ ಹೊಂಡ, ಪಕ್ಕದಲ್ಲೇ ಕಬ್ಬು ಬಾಳೆ ಇದ್ದರೆ ಆನೆಗೆ ನಾವೇ ಎಲೆ ಹಾಕಿ ಕರೆದಂತೆ. ಹೊಂಡವನ್ನು ಕಾಡಂಚಿನಿಂದ ದೂರ, ಮನೆಯ ಹತ್ತಿರ ತೋಡಿದರೆ ಖರ್ಚು ಹೆಚ್ಚಿಲ್ಲ, ಕಾವಲು ಸುಲಭ.

ಸೋಲಾರ್ ಬೇಲಿಗೆ ಯೋಜನೆಗಳಲ್ಲಿ ಸಹಾಯಧನ ಸಿಗುತ್ತದೆಂದು ಕೂಡಲೇ ತಂತಿ ಎಳೆಯುವಂತಿಲ್ಲ. 2023ರ ತಮಿಳುನಾಡು ವಿದ್ಯುತ್ ಬೇಲಿ ನಿಯಮಗಳ ಪ್ರಕಾರ ಮೀಸಲು ಅರಣ್ಯದಿಂದ 5 ಕಿಲೋಮೀಟರ್ ಒಳಗೆ ಹೊಸ ಬೇಲಿಗೆ ಮುಂಚಿತವಾಗಿ ಅನುಮತಿ ಬೇಕು, ಹಳೆಯದನ್ನು ನೋಂದಾಯಿಸಬೇಕು. ಉಪಕರಣ ಭಾರತೀಯ ಮಾನಕದ್ದೇ ಆಗಿರಬೇಕು. ತಾಳವಾಡಿಯ ಬಹುಪಾಲು ಹೊಲಗಳು ಈ ಅಳತೆಯೊಳಗೇ ಬರುತ್ತವೆ. ಮಾನಕದ ಬೇಲಿ ಬಿಟ್ಟು ಬಿಟ್ಟು ಹೊಡೆತ ಕೊಟ್ಟು ಬೆದರಿಸುತ್ತದೆ, ಕೊಲ್ಲುವುದಿಲ್ಲ. ಮೇನ್ ಲೈನಿನಿಂದ ನೇರ ಎಳೆದ ತಂತಿ ಆನೆಯನ್ನೂ ಕೊಲ್ಲುತ್ತದೆ, ರಾತ್ರಿ ನೀರು ಕಟ್ಟಲು ಹೋದ ಪಕ್ಕದ ಹೊಲದವರನ್ನೂ ಕೊಲ್ಲುತ್ತದೆ. 2023ರ ಮಾರ್ಚ್‌ನಲ್ಲಿ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿ ಬಳಿ ಇಂಥ ತಂತಿಗೆ ಮೂರು ಆನೆಗಳು ಸತ್ತವು. ಎರಡು ಮರಿಗಳು ಅನಾಥವಾದವು.

ಎರಡೂ ರಾಜ್ಯದಲ್ಲಿ ಹೊಲ ಇರುವವರು ಒಂದು ಮಾತು ನೆನಪಿಡಿ. ಚಾಮರಾಜನಗರದ ಕಡೆ ಪಡೆದ ಅನುಮತಿ ಇಲ್ಲಿ ನಡೆಯುವುದಿಲ್ಲ, ಇಲ್ಲಿಯದು ಅಲ್ಲಿ ನಡೆಯುವುದಿಲ್ಲ.

ನಾಲ್ಕನೇ ಪ್ರಶ್ನೆ: ಔಷಧಿ, ಕಸ

ತರಕಾರಿ ಬೆಳೆಗೆ ಹೊಡೆಯುವ ಔಷಧಿಯ ಡಬ್ಬ ಎಲ್ಲಿ ಹೋಗುತ್ತದೆ? ಈ ಪ್ರಶ್ನೆ ಯಾವ ಯೋಜನೆಯ ಅರ್ಜಿಯಲ್ಲೂ ಸಣ್ಣದಾಗಿ ಕಾಣುತ್ತದೆ. 2013ರ ಜುಲೈ 16ರಂದು ಬಿಹಾರದ ಗಂಡಾಮನ್ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಇದ್ದದ್ದು ಪರೀಕ್ಷೆಯಲ್ಲಿ ಗೊತ್ತಾಯಿತು. ಹಸಿವು ನೀಗಿಸುವ ಯೋಜನೆಯೇ ಪ್ರಾಣ ತೆಗೆಯಿತು.

ಇನ್ನೊಂದು ನಮ್ಮದೇ ಭಾಷೆಯ ಗಡಿನಾಡಿನ ಕಥೆ. ಕಾಸರಗೋಡಿನಲ್ಲಿ ಸರಕಾರಿ ನಿಗಮದ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಕೆಳಗೆ ಮನೆ, ಬಾವಿ, ಸುರಂಗದ ನೀರು. ಪಡ್ರೆ, ಎಣ್ಮಕಜೆಯಂಥ ಕನ್ನಡ ಊರುಗಳು ಇಂದಿಗೂ ಅದರ ಫಲ ಉಣ್ಣುತ್ತಿವೆ. ಸುಪ್ರೀಂ ಕೋರ್ಟ್ 2011ರಲ್ಲಿ ಔಷಧಿಯನ್ನು ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಲು ಕೇರಳಕ್ಕೆ ಹೇಳಿತು. ಹಣ ಬಂದರೂ ಆರೋಗ್ಯ ಮರಳಿ ಬರಲಿಲ್ಲ.

ಆದ್ದರಿಂದ ಡಬ್ಬದ ಮೇಲಿನ ತ್ರಿಕೋನ ನೋಡಿ. ಕೆಂಪು ಅತಿ ವಿಷ, ನಂತರ ಹಳದಿ, ನೀಲಿ, ಹಸಿರು. ಖಾಲಿ ಡಬ್ಬಕ್ಕೆ ತೂತು ಮಾಡಿ, ಅಡುಗೆಗೂ ನೀರಿಗೂ ಬಳಸದಂತೆ ಮಾಡಿ. ಅಂಗನವಾಡಿ, ಶಾಲೆಯ ದಾಸ್ತಾನು ಕೋಣೆಗೂ ಔಷಧಿ ಇಡುವ ಜಾಗಕ್ಕೂ ಒಂದೇ ಬೀಗ ಇರಬಾರದು.

ಹೊರದೇಶದಲ್ಲೂ ಇದೇ ಪಾಡು

ಇದು ನಮ್ಮ ದೇಶದ ಕಿರಿಕಿರಿ ಮಾತ್ರ ಎಂದುಕೊಳ್ಳಬೇಡಿ. ಬಡ ದೇಶಗಳಿಗೆ ಅಮೆರಿಕ ಕೊಡುತ್ತಿದ್ದ ನೆರವಿನಲ್ಲಿ ಕೀಟನಾಶಕಗಳೂ ಇದ್ದವು. ಪರಿಣಾಮ ನೋಡದೆ ಕಳಿಸುತ್ತೀರೆಂದು ಅಲ್ಲಿನ ಪರಿಸರ ಸಂಘಟನೆಗಳು 1975ರಲ್ಲಿ ಕೋರ್ಟಿಗೆ ಹೋದವು. 1976ರಿಂದ ನಿಯಮ ಬಂತು: ಆಹಾರ, ಕೃಷಿ ನೆರವಿನ ಯೋಜನೆ ಶುರುವಾಗುವ ಮೊದಲೇ ಪರಿಸರದ ಪರಿಶೀಲನೆ ಆಗಬೇಕು, ನಡುವೆಯೂ ತಪಾಸಣೆ ಆಗಬೇಕು. ಆ ನೆರವು ಸಂಸ್ಥೆ 2025ರಲ್ಲಿ ಮುಚ್ಚಿತು. ಆದರೆ ಅದು ಕಲಿತ ಪಾಠ ಉಳಿದಿದೆ. ಮೊದಲು ಕೇಳಿದ ಪ್ರಶ್ನೆ ಅಗ್ಗ, ಕೊನೆಗೆ ಕೇಳಿದ್ದು ದುಬಾರಿ.

ಯಾರ ಹೊಣೆ?

ಅನುಮತಿ ತರುವುದು ರೈತನ ಹೊಣೆ ಎಂದು ಅಧಿಕಾರಿಗಳು ಕೈತೊಳೆದುಕೊಳ್ಳುವಂತಿಲ್ಲ. ಸರಕಾರಿ ಕೆಲಸಕ್ಕೆ ಕೆಲಸ ಮಾಡಿಸುವ ಇಲಾಖೆಯೇ ಹೊಣೆ. ಕಾಗದಗಳು ತಮಿಳಿನಲ್ಲಿ ಬರುತ್ತವೆ. ಮಾತಾಡಲು ಬಂದರೂ ಓದಲು ಬಾರದ ಹಿರಿಯರಿಗೆ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಿರೆಂದು ಕೇಳಿ. ತಿಳಿಯದೆ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ.

ಕಾನೂನು ನಮ್ಮ ಕಡೆಯೂ ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38ವಿ ವಿಧಿ, ಹುಲಿ ಸಂರಕ್ಷಣಾ ಯೋಜನೆ ಬರೆಯುವಾಗ ಅಲ್ಲಿನ ಜನರ ಬೇಸಾಯ, ಜೀವನೋಪಾಯ, ಅಭಿವೃದ್ಧಿಯ ಹಿತ ಕಾಯಬೇಕೆಂದು ರಾಜ್ಯಕ್ಕೆ ಹೇಳಿದೆ. ಹುಲಿಯ ಹೆಸರಿನಲ್ಲಿ ಊಟ ಕಿತ್ತುಕೊಳ್ಳಿ ಎಂದು ಯಾವ ಕಾನೂನೂ ಹೇಳಿಲ್ಲ.

ತಮಿಳುನಾಡಿನಲ್ಲಿ ವರ್ಷಕ್ಕೆ ಆರು ಗ್ರಾಮಸಭೆ: ಜನವರಿ 26, ಮಾರ್ಚ್ 22, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1. ಮುಂದಿನ ಸಭೆಗೆ ಹೋಗುವಾಗ ಈ ಪಟ್ಟಿ ಕೈಯಲ್ಲಿರಲಿ:

* ಕೆಲಸದ ಸರ್ವೆ ನಂಬರು ಯಾವುದು, ನೆಲದ ವರ್ಗ ಯಾವುದು?
* ಅರಣ್ಯವಾದರೆ ಯಾವ ಕಾಯ್ದೆಯಡಿ ಅನುಮತಿ, ಅರ್ಜಿ ಕೊಟ್ಟ ದಿನ ಯಾವುದು?
* ಕೆಳಗಿನ ಊರಿನ ನೀರಿಗೆ ತೊಂದರೆ ಇದೆಯೇ?
* ಆನೆ ದಾರಿಗೆ ಎಷ್ಟು ದೂರ?
* ಕೋಡಿ, ಬೇಲಿ, ಹೂಳು ತೆಗೆಯುವ ಖರ್ಚು ಎಸ್ಟಿಮೇಟಿನಲ್ಲಿದೆಯೇ?
* ಎರಡು ಮಳೆಗಾಲ ಕಳೆದ ಮೇಲೆ ಬಂದು ನೋಡುವವರು ಯಾರು?

ಉತ್ತರಗಳನ್ನು ಠರಾವಿನಲ್ಲಿ ಬರೆಸಿ, ನಕಲು ಇಟ್ಟುಕೊಳ್ಳಿ. ಅನುಮತಿ ಪತ್ರ ತೋರಿಸದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದಲ್ಲಿ ಉತ್ತರ ಕೊಡಬೇಕು. ಕೊನೆಯ ಪ್ರಶ್ನೆಯನ್ನಂತೂ ಬಿಡಬೇಡಿ. ಕಾಗದದ ಮೇಲೆ ಸರಿಯಿದ್ದ ಹೊಂಡವೂ ಕೋಡಿ ಕಿತ್ತುಹೋದರೆ ಕೆಳಗಿನ ರಾಗಿ ಹೊಲ ಕೊಚ್ಚುತ್ತದೆ. ಅದನ್ನು ಮೊದಲು ಕಾಣುವುದು ಊರಿನವರೇ, ಈರೋಡಿನಲ್ಲಿ ಕೂತವರಲ್ಲ.